ಸಮಗ್ರ ಸ್ವಾಸ್ಥ್ಯ ಮತ್ತು ಒಂದು ದವಡೆ ಹಲ್ಲು

ದೇಹ, ಮನಸ್ಸು, ಆತ್ಮ ಈ ಮೂರನ್ನೂ ಅಧಿಕೃತವಾಗಿ ಅಳೆದು ಠಸ್ಸೆ ಒತ್ತಿದ ಮೊದಲ ಕಚೇರಿ ನಮ್ಮದು. ಹೆಮ್ಮೆಯಿಂದ ಹೇಳುತ್ತಿಲ್ಲ, ದಾಖಲೆಯಲ್ಲಿ ಇರುವುದನ್ನು ಹೇಳುತ್ತಿದ್ದೇನೆ. ನಮ್ಮದು ತೂಕ ಮತ್ತು ಅಳತೆ ಕಚೇರಿ. ಅಂಗಡಿಯವರ ತಕ್ಕಡಿ, ತೂಕದ ಕಲ್ಲು, ಲೀಟರು, ಮೀಟರು ಸರಿಯಿವೆಯೇ ಎಂದು ನೋಡಿ ಮುದ್ರೆ ಹಾಕಿ ಕಳಿಸುವುದು ನಮ್ಮ ಕಸುಬು. ನಡಾವಳಿ ಬರೆಯುವುದು ನನ್ನ ಕೆಲಸ.

ಒಂದು ಸೋಮವಾರ ಮೇಲಿನ ಕಚೇರಿಯಿಂದ ಸುತ್ತೋಲೆ ಬಂತು. "ಎಲ್ಲ ನೌಕರರೂ ವರ್ಷಾಂತ್ಯದೊಳಗೆ ದೈಹಿಕ, ಮಾನಸಿಕ ಹಾಗೂ ಆಧ್ಯಾತ್ಮಿಕ ಸ್ವಾಸ್ಥ್ಯವನ್ನು ಸಮಗ್ರವಾಗಿ ಹೊಂದತಕ್ಕದ್ದು. ಹೊಂದದವರ ವಿವರವನ್ನು ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು." ಬೇರೆ ಕಚೇರಿಯವರು ತಜ್ಞರನ್ನು ಹುಡುಕಿಕೊಂಡು ಓಡಾಡಿದರು. ನಮ್ಮ ಸಾಹೇಬರು ಕನ್ನಡಕ ಒರೆಸಿಕೊಂಡು ನಕ್ಕರು.

"ಅಳೆಯೋಕೆ ಬರದೇ ಇರೋರು ಹೊರಗಿನವರನ್ನ ಕರೀತಾರೆ. ನಮಗೇನ್ರೀ ಕೊರತೆ? ಉಗ್ರಾಣದ ತುಂಬ ಸಾಮಾನಿದೆ."

ಉಗ್ರಾಣದ ಮೇಡಂ ಸಾಮಾನು ಹೊರಗೆ ತೆಗೆಸಿದರು. ದೇಹಕ್ಕೆ ಮೂಟೆ ತೂಗುವ ತಕ್ಕಡಿ. ತೂಕ ಹೆಚ್ಚಿದರೆ ಪ್ರಗತಿ, ಇಳಿದರೆ ಸಂಯಮ, ಹಾಗೇ ಇದ್ದರೆ ಸ್ಥಿರತೆ. ಮನಸ್ಸಿಗೆ ಲೀಟರ್ ಅಳತೆ. ಬಾಯಿಮಟ್ಟ ನೀರು ತುಂಬಿದ ಪಾತ್ರೆ ಹಿಡಿದು ಹತ್ತು ನಿಮಿಷ ನಿಲ್ಲಬೇಕು; ಎಷ್ಟು ಮಿಲಿಲೀಟರು ಚೆಲ್ಲಿತೋ ಅಷ್ಟು ಚಂಚಲ. ಆತ್ಮಕ್ಕೆ ಉಳಿದದ್ದು ಅಳತೆ ಟೇಪು ಮಾತ್ರ. ನೌಕರನು ಗೋಡೆಗೆ ಒರಗಿ ಟೇಪಿನ ತುದಿ ಹಿಡಿದು ನಿಲ್ಲಬೇಕು. ಸಾಹೇಬರು ಇನ್ನೊಂದು ತುದಿ ಹಿಡಿದು ಹಿಂದಕ್ಕೆ ನಡೆಯುತ್ತಾರೆ. 'ನಾನೂ ಅವರೂ ಒಂದೇ' ಎಂದು ಮನಸಾರೆ ಅನ್ನಿಸಿದ ಕ್ಷಣ ಕೈ ಎತ್ತಬೇಕು. ದೂರ ಕಡಿಮೆಯಾದಷ್ಟೂ ಆತ್ಮ ಮೇಲ್ಮಟ್ಟದ್ದು. ನನ್ನದು ಹದಿನಾಲ್ಕು ಮೀಟರ್ ಬಂತು. ಅಷ್ಟು ಹೊತ್ತಿಗೆ ಸಾಹೇಬರು ಗೇಟು ದಾಟಿ ರಸ್ತೆಯಲ್ಲಿದ್ದರು. ಉಗ್ರಾಣದ ಮೇಡಂ ಸರದಿಯಲ್ಲಿ ಟೇಪೇ ಮುಗಿದುಹೋಯಿತು, ಅವರ ಕೈ ಮಾತ್ರ ಮೇಲೇಳಲಿಲ್ಲ.

ಜೊತೆಗೆ ಸಾಹೇಬರು ಹತ್ತು ನಿಯಮಗಳನ್ನು ಹೊರಡಿಸಿದರು. ಏಳನೆಯದು ಹೀಗಿತ್ತು: "ಮನುಷ್ಯನನ್ನು ಬಿಡಿಬಿಡಿಯಾಗಿ ನೋಡುವುದು ಸಮಗ್ರ ದೃಷ್ಟಿಗೆ ವಿರುದ್ಧವಾದ್ದರಿಂದ, ದೇಹ, ಮನಸ್ಸು, ಆತ್ಮ ಮೂರೂ ಏಕಕಾಲಕ್ಕೆ ಕೆಟ್ಟಿದ್ದಲ್ಲಿ ಮಾತ್ರ ಅನಾರೋಗ್ಯ ರಜೆ ನೀಡತಕ್ಕದ್ದು." ಓದಿ ಎಲ್ಲರೂ ತಲೆಯಾಡಿಸಿದೆವು. ಓದುವಾಗ ಚೆನ್ನಾಗಿಯೇ ಇತ್ತು.

ಇದಾದ ಮೂರನೇ ದಿನಕ್ಕೆ ಠಸ್ಸೆಯಣ್ಣನ ಹಲ್ಲು ನೋಯತೊಡಗಿತು. ಠಸ್ಸೆಯಣ್ಣ ಅಂದರೆ ತೂಕದ ಕಲ್ಲುಗಳಿಗೆ ಸುತ್ತಿಗೆಯಿಂದ ಮುದ್ರೆ ಒತ್ತುವ ಗುಮಾಸ್ತ. ಅವನ ನಿಜವಾದ ಹೆಸರು ಸಂಬಳದ ಪಟ್ಟಿಗೆ ಮಾತ್ರ ಗೊತ್ತು. ಕೆಳಗಿನ ಎಡ ದವಡೆ ಹಲ್ಲು, ಒಳಗೆ ಕೀವು. ಒಂದೊಂದು ಸಲ ಸುತ್ತಿಗೆ ಬಿದ್ದಾಗಲೂ ಪಾಪ, ಅವನ ಕಣ್ಣಲ್ಲಿ ನೀರು. ಹಲ್ಲಿನ ಡಾಕ್ಟರು ಇರುವುದು ಕಚೇರಿಯ ಎದುರಿಗೇ. ಆದರೆ ನಾವು ತೆರೆದಾಗ ಅವರೂ ತೆರೆಯುತ್ತಾರೆ, ನಾವು ಮುಚ್ಚಿದಾಗ ಅವರೂ ಮುಚ್ಚುತ್ತಾರೆ. ಕಿಟಕಿಯಿಂದ ನೋಡಿದರೆ ಅವರ ಖಾಲಿ ಕುರ್ಚಿ ಕಾಣುತ್ತಿತ್ತು.

"ಸಾರ್, ಅರ್ಧ ದಿನ ಬಿಡಿ ಸಾಕು. ಕೀಳಿಸ್ಕೊಂಡು ಓಡಿ ಬಂದ್ಬಿಡ್ತೀನಿ."

"ಅಯ್ಯೋ, ಅದಕ್ಕೇನಂತೆ," ಎಂದರು ಸಾಹೇಬರು. ಒಳ್ಳೆಯ ಮನುಷ್ಯ, ಯಾರಿಗೂ ಇಲ್ಲ ಎಂದವರಲ್ಲ. "ಅಳತೆ ಮಾಡಿಸ್ಕೊಂಡು ಬನ್ನಿ. ಮೂರೂ ಕೆಟ್ಟಿದ್ರೆ ಈಗ್ಲೇ ಸಹಿ."

ತಕ್ಕಡಿಯಲ್ಲಿ ನಿಲ್ಲಿಸಿದರು. ಕೆನ್ನೆ ಊದಿದ್ದರಿಂದ ನೂರೈವತ್ತು ಗ್ರಾಂ ಪ್ರಗತಿ ಕಂಡುಬಂತು. ಲೀಟರು ಕೈಗೆ ಕೊಟ್ಟರು. ಮಿಸುಕಿದರೆ ಹಲ್ಲು ಚುಳ್ಳೆನ್ನುತ್ತಿದ್ದರಿಂದ ಅವನು ಹತ್ತು ನಿಮಿಷ ಉಸಿರು ಬಿಗಿಹಿಡಿದು ನಿಂತ. ಒಂದು ಹನಿಯೂ ಚೆಲ್ಲಲಿಲ್ಲ. ಟೇಪು ಹಿಡಿಸಿದರು. ಸಾಹೇಬರು ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ, ಠಸ್ಸೆಯಣ್ಣ ಕೈ ಎತ್ತಿಬಿಟ್ಟ.

"ಈಗ್ಲೇ ಒಂದೇ ಅನ್ನಿಸ್ತಾ?" ಎಂದು ಸಾಹೇಬರು ಟೇಪು ಬಿಟ್ಟು ಕೈ ಮುಗಿದರು.

"ಎಲ್ರೂ ಒಂದೇ ಸಾರ್. ನೀವು, ನಾನು, ಗೋಡೆ, ಎಲ್ಲಾ ಒಂದೇ. ಯಾರಾದ್ರೂ ಸರಿ, ಇದನ್ನ ಕಿತ್ತಾಕಿ."

ಸೊನ್ನೆ ಮೀಟರ್ ಎಂದು ಬರೆದುಕೊಂಡೆ. ಕೆಳಗೆ ಎರಡು ಗೆರೆ ಎಳೆದೆ.

ಮರುದಿನ ಅವನು ಬೇಕೆಂದೇ ಇಡೀ ಲೀಟರನ್ನು ನೆಲಕ್ಕೆ ಸುರಿದ. ಉಗ್ರಾಣದ ಮೇಡಂ ನಿಯಮ ಪುಸ್ತಕ ತಿರುವಿ, "ಬೇಕು ಅಂತ ಚೆಲ್ಲಿದ್ರೆ ಅದು ಚಂಚಲ ಅಲ್ಲಪ್ಪ, ದೃಢ ನಿರ್ಧಾರ," ಎಂದು ಐದು ಅಂಕ ಜಾಸ್ತಿ ಕೊಟ್ಟರು. ಅಲ್ಲಿಂದ ಮುಂದೆ ಅವನ ಏಳಿಗೆಯನ್ನು ತಡೆಯುವವರೇ ಇಲ್ಲವಾಯಿತು. ಅಗಿಯಲಾರದೆ ಊಟ ಬಿಟ್ಟ; ಮಿತಾಹಾರ ಎಂದು ದಾಖಲಾಯಿತು. ಬಾಯಿ ತೆರೆಯಲಾರದೆ ಸುಮ್ಮನಾದ. ಮೌನ ಎಂದು ದಾಖಲಾಯಿತು. ನಿದ್ದೆಗೆಟ್ಟದ್ದು ಜಾಗೃತಿ. ಮೇಜಿಗೆ ಹಣೆ ಕುಟ್ಟಿಕೊಂಡದ್ದು ಶರಣಾಗತಿ. ತಿಂಗಳು ತುಂಬುವುದರೊಳಗೆ ಠಸ್ಸೆಯಣ್ಣ ಸಮಗ್ರ ಸ್ವಾಸ್ಥ್ಯ ಹೊಂದಿದ ಪ್ರಥಮ ನೌಕರ ಎಂದು ಘೋಷಿತನಾದ. ಬೇರೆ ಕಚೇರಿಯವರು ಬಸ್ಸು ಮಾಡಿಕೊಂಡು ಬಂದು ಅವನನ್ನು ನೋಡಿಕೊಂಡು ಹೋದರು.

"ರಜೆ ಸಾರ್," ಎಂದು ಅವನು ಚೀಟಿಯಲ್ಲಿ ಬರೆದು ತೋರಿಸಿದ.

"ನಿಮ್ಮಂಥೋರಿಗೆ ರಜೆ ಕೊಟ್ರೆ ನಮ್ಮನ್ನ ಯಾರು ಕಾಯೋರು?" ಎಂದು ಸಾಹೇಬರು ಅವನ ಕೈ ಹಿಡಿದುಕೊಂಡರು.

ಅದೇ ವಾರ ಪ್ರಕಟಣೆ ಹೊರಬಿತ್ತು. "ಸದರಿ ನೌಕರನ ಕೆಳ ಎಡ ದವಡೆ ಹಲ್ಲನ್ನು ಸ್ವಾಸ್ಥ್ಯದ ಮೂಲ ಮಾನಕವೆಂದು ಅಂಗೀಕರಿಸಲಾಗಿದೆ. ಇದನ್ನು ಕೀಳುವುದು, ತುಂಬಿಸುವುದು, ಲವಂಗ ಇಟ್ಟು ನೋವು ಶಮನಗೊಳಿಸುವುದು ಶಿಸ್ತುಕ್ರಮಕ್ಕೆ ಗುರಿಯಾಗತಕ್ಕದ್ದು. ಉಳಿದ ನೌಕರರು ಈ ಮಟ್ಟವನ್ನು ಶೀಘ್ರ ತಲುಪತಕ್ಕದ್ದು." ತಲುಪಲೆಂದು ಗಂಟೆಗೊಮ್ಮೆ ಸಕ್ಕರೆ ಮಿಠಾಯಿ ಹಂಚಿದರು. ಹಲ್ಲುಜ್ಜುವ ಬ್ರಷ್ಷುಗಳನ್ನು ಉಗ್ರಾಣಕ್ಕೆ ಒಪ್ಪಿಸಿ ರಸೀದಿ ಪಡೆದೆವು. ಮೊದಲು ಊದಿದ್ದು ಸಾಹೇಬರ ಕೆನ್ನೆ, ಇನ್ನೂರು ಗ್ರಾಂ. ಮೇಡಂಗೆ ಎರಡೂ ಕಡೆ ಬಂತು, ಅವರು ಮೊದಲಿಂದಲೂ ಎಲ್ಲದರಲ್ಲೂ ಮುಂದು. ಟೇಪಿನ ಪರೀಕ್ಷೆಯಲ್ಲಿ ಈಗ ಅವರ ಕೈ ಎಲ್ಲರಿಗಿಂತ ಮೊದಲು ಏಳುತ್ತಿತ್ತು. ಕಚೇರಿಯಲ್ಲಿ ಜಗಳವಿಲ್ಲ, ಹರಟೆಯಿಲ್ಲ, ಮುಲುಕು ಮಾತ್ರ. ದೂರು ಕೊಡಲು ಬಂದ ಅಂಗಡಿಯವರು ನಮ್ಮ ಮುಖ ನೋಡಿ ದೂರು ಮರೆತು ಹೋಗುತ್ತಿದ್ದರು.

ಠಸ್ಸೆಯಣ್ಣನ ಹೆಂಡತಿ ಮನೆಯಲ್ಲಿ ಹೊಲಿಗೆ ಮಾಡುವಾಕೆ. ಆಕೆಗೆ ಆಡಳಿತದ ಸೂಕ್ಷ್ಮ ತಿಳಿಯದು. ಎದುರಿನ ಡಾಕ್ಟರಿಗೆ ಬಿಳಿ ಕೋಟು ಹೊಲಿದುಕೊಟ್ಟವಳು ಆಕೆಯೇ. ಒಂದು ಭಾನುವಾರ ಅವರ ಮನೆಗೇ ಹೋಗಿ, "ನನ್ನ ಗಂಡ ಎರಡು ತಿಂಗಳಿಂದ ಅನ್ನ ಕಂಡಿಲ್ಲ ಡಾಕ್ಟ್ರೇ, ಈಗ ಬರ್ತೀರೋ, ಕೋಟು ವಾಪಸ್ ಕೊಡ್ತೀರೋ?" ಎಂದಳಂತೆ. ಡಾಕ್ಟರು ಚಪ್ಪಲಿ ಮೆಟ್ಟಿಕೊಂಡು ಬಂದು, ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಅವನನ್ನು ಕೂರಿಸಿ, ನಾಲ್ಕೇ ನಿಮಿಷದಲ್ಲಿ ಮೂಲ ಮಾನಕವನ್ನು ಕಿತ್ತುಬಿಟ್ಟರು.

ಮಂಗಳವಾರದ ಹೊತ್ತಿಗೆ ಅನಾಹುತ ಹೊರಬಿತ್ತು. ಠಸ್ಸೆಯಣ್ಣ ಸೀಟಿ ಹಾಕುತ್ತ ಬಂದ. ತಕ್ಕಡಿಯಲ್ಲಿ ಕೆನ್ನೆಯ ಪ್ರಗತಿ ಪೂರ್ತಿ ನಾಶವಾಗಿತ್ತು; ಮೂಲ ಮಾನಕವೇ ಹೋದಮೇಲೆ ಅದನ್ನು ಸಂಯಮ ಎನ್ನುವಂತಿರಲಿಲ್ಲ. ಲೀಟರು ಹಿಡಿದು ನಿಂತವನು ನಮ್ಮೆಲ್ಲರ ಕೆನ್ನೆ ನೋಡಿ ನಗು ತಡೆಯಲಾರದೆ ಮುನ್ನೂರು ಮಿಲಿಲೀಟರು ಚೆಲ್ಲಿದ. ಟೇಪಿನ ಸರದಿ ಬಂತು. ಸಾಹೇಬರು ಹಿಂದೆ ಹಿಂದೆ ನಡೆದು, ಗೇಟು ದಾಟಿ, ರಸ್ತೆ ದಾಟಿ, ಡಾಕ್ಟರ ಮೆಟ್ಟಿಲು ಹತ್ತಿ ನಿಂತರೂ ಅವನು ಕೈ ಎತ್ತಲಿಲ್ಲ.

"ಏನೂ ಅನ್ನಿಸ್ತಿಲ್ವೇನ್ರೀ?" ಅಲ್ಲಿಂದ ಸಾಹೇಬರು ಕೂಗಿದರು.

"ಹಸಿವಾಗ್ತಿದೆ ಸಾರ್!"

ಮೂರೂ ಏಕಕಾಲಕ್ಕೆ ಕೆಟ್ಟಿದ್ದವು. ಸಾಹೇಬರು ಕಣ್ಣೊರೆಸಿಕೊಂಡು ಏಳನೇ ನಿಯಮದ ಮೇರೆಗೆ ಪೂರ್ಣ ಸಂಬಳದ ದೀರ್ಘಾವಧಿ ಅನಾರೋಗ್ಯ ರಜೆಗೆ ಸಹಿ ಹಾಕಿದರು. ಹಲ್ಲು ಕಿತ್ತಿದ್ದಕ್ಕೆ ಶಿಸ್ತುಕ್ರಮ ಬೇಡವೇ ಎಂದು ನಾನು ಕೇಳಿದೆ. "ಕಾಯಿಲೆ ಮನುಷ್ಯನ ಮೇಲೆ ಕ್ರಮವೇನ್ರೀ? ಮಾನವೀಯತೆ ಇರ್ಲಿ," ಎಂದು ನನ್ನನ್ನೇ ಗದರಿದರು. ನನಗೆ ನಾಚಿಕೆಯಾಯಿತು.

ಮುಂದಿನ ವಾರ ನಾವೆಲ್ಲ ಅವನನ್ನು ನೋಡಲು ಮನೆಗೆ ಹೋದೆವು. ಹಣ್ಣು ಒಯ್ದಿದ್ದೆವು. ರೋಗಿ ಅಂಗಳದಲ್ಲಿ ಕಾಲು ಚಾಚಿ ಕುಳಿತು ಹುರಿದ ಕಡಲೆಕಾಯಿ ಕಟಕಟ ಜಗಿಯುತ್ತ, ಮಗಳಿಗೆ ಏನೋ ಕಥೆ ಹೇಳುತ್ತಿದ್ದ; ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಮೇಡಂಗೆ ನೋಡಲಾಗಲಿಲ್ಲ, ಮುಖ ಆಚೆ ತಿರುಗಿಸಿಕೊಂಡರು. ನನ್ನ ಮೇಲಿನ ಹಲ್ಲು ಆ ಬೆಳಗ್ಗೆಯಷ್ಟೇ ನೋಯಲು ಶುರುವಾಗಿತ್ತು. ಅವನ ಮುಂದೆ ಅದನ್ನು ಹೇಳಿಕೊಳ್ಳುವುದು ಜಂಭವಾಗುತ್ತದೆಂದು ಸುಮ್ಮನಿದ್ದೆ.

"ಎಷ್ಟು ದಿನ ರಜೆ ಸಾರ್?" ಎಂದು ಅವನು ಕೇಳಿದ.

"ಅದನ್ನೆಲ್ಲ ಯೋಚಿಸ್ಬೇಡಿ. ಗುಣ ಆಗೋವರೆಗೂ ಇರಿ."

ಹೊರಡುವಾಗ ಸಾಹೇಬರು ಊದಿದ ಕೆನ್ನೆಯನ್ನು ಅಂಗೈಯಲ್ಲಿ ಆತುಕೊಂಡು, ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿಗೆ ಧೈರ್ಯ ಹೇಳಿದರು.

"ಆಸೆ ಬಿಡಬೇಡಿ ತಾಯಿ. ಇನ್ನೂ ಮೂವತ್ತೊಂದು ಹಲ್ಲಿವೆ."

ಆಕೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಒಳಗೆ ಓಡಿದಳು. ಅವಳ ಹೆಗಲು ಕುಲುಕುತ್ತಿತ್ತು. ದುಃಖ ತಡೆಯಲಾರದೆ ಅತ್ತಳು ಎಂದು ನಡಾವಳಿಯಲ್ಲಿ ಬರೆದಿದ್ದೇನೆ.