ಹಗಲು ಪಾಳಿಯ ದೆವ್ವ

ಎಲ್ಲಕ್ಕೂ ಕಾರಣ ಒಂದು ಕುಕ್ಕರ್ ಸೀಟಿ. ಯಲಹಂಕದ ಬಾಟಲಿ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗಿದ್ದ ಬಸವಕಿರಣ, ಸೀಟಿ ಕೇಳಿದ್ದೇ ಎದ್ದುಹೋಗಿ ಬೇಳೆ ಸಮೇತ ಕುಕ್ಕರನ್ನು ಅಂಗಳಕ್ಕೆ ಎಸೆದಿದ್ದ. ಎಸೆದ ಮೇಲೆಯೇ ಅವನಿಗೆ ಪೂರ್ತಿ ಎಚ್ಚರವಾದದ್ದು. ಹೆಂಡತಿ ಪ್ರತಿಭಾ ಕೂಗಾಡಲಿಲ್ಲ. "ನಿಮಗ ಬೇಕಾಗಿರೋದು ನಾನಲ್ಲ, ನಿದ್ದಿ" ಎಂದು ಬಟ್ಟೆ ಜೋಡಿಸಿಕೊಂಡು ಮತ್ತಿಕೆರೆಯ ಅಕ್ಕನ ಮನೆಗೆ ಹೋಗಿಬಿಟ್ಟಳು.

ಪಾಪ, ಅವನೇನು ಕೆಟ್ಟವನಲ್ಲ. ವಾರವಾರ ಪಾಳಿ ಬದಲಾಗಿ, ಹಗಲು ಯಾವುದು ರಾತ್ರಿ ಯಾವುದು ಎಂಬುದೇ ಅವನ ತಲೆಗೆ ತಿಳಿಯದಾಗಿತ್ತು. ಸಣ್ಣ ಮಾತಿಗೂ ಸಿಟ್ಟು, ಕೂತಲ್ಲೇ ಅಳು. ಈಚೆಗಂತೂ ಯಂತ್ರದ ಗದ್ದಲದ ನಡುವೆ ಪ್ರತಿಭಾ "ಏನ್ರಿ" ಎಂದಂತೆ ಕೇಳಿ, ಗಕ್ಕನೆ ತಿರುಗಿ, ಜತೆಗಾರರ ನಗೆಗೆ ಗುರಿಯಾಗುತ್ತಿದ್ದ.

ಇವತ್ತು ಸಂಜೆ ಅವಳನ್ನು ಕರೆತರಲು ಹೊರಡುವವನಿದ್ದ. ಅಷ್ಟರೊಳಗೆ ಒಂದು ಒಳ್ಳೆಯ ನಿದ್ದೆ ಆಗಲೇಬೇಕು. ಇಲ್ಲದಿದ್ದರೆ ಅಲ್ಲಿಯೂ ಯಾರ ಮೇಲಾದರೂ ಹರಿಹಾಯ್ದಾನು. ಆಮೇಲೆ ಅವಳು ಬಂದ ಹಾಗೆಯೇ.

ಕಣ್ಣು ಹತ್ತುವಷ್ಟರಲ್ಲಿ ಬೆಲ್ಲಾಯಿತು. ಮನೆಯೊಡತಿ ಸುಬ್ಬಲಕ್ಷ್ಮಮ್ಮ.

"ಮಲ್ಗಿದ್ಯೇನಪ್ಪ?"

"ಹೂನ್ರಿ ಅಮ್ಮಾರ."

"ಮಲ್ಕೋ, ಮಲ್ಕೋ. ಮಲ್ಗಿದ್ಯೋ ಇಲ್ವೋ ಅಂತ ನೋಡ್ಕೊಂಡೋಗಕ್ಕೇ ಬಂದೆ."

ಮತ್ತೆ ಬೆಲ್. ಪಕ್ಕದ ಮನೆಯ ನಂದಕುಮಾರ್.

"ಗುರು, ನಿಮ್ಮನೇಲಿ ಕರೆಂಟ್ ಇದ್ಯಾ ಅಂತ ಬೆಲ್ ಹೊಡ್ದೆ. ಇದೆ ಅನ್ಸುತ್ತೆ."

ಬಸವಕಿರಣನಿಗೆ ಅಳು ಬಂತು. ಸೀಮೆಸುಣ್ಣ ಹುಡುಕಿ ಬಾಗಿಲ ಮೇಲೆ 'ಮಲಗಿದ್ದೇನೆ, ದಯವಿಟ್ಟು ನಾಳೆ ಬನ್ನಿ' ಎಂದು ಬರೆಯಹೊರಟ. ಆ ಮಂಪರಿನಲ್ಲಿ ಕೈಗೆ ಬಂದದ್ದು ಎರಡೇ ಪದ: 'ನಾಳೆ ಬಾ'.

ಹಾಸಿಗೆಗೆ ಮರಳುವ ಮೊದಲೇ ಬಾಗಿಲು ದಬದಬ ಎಂದಿತು.

"ಅಯ್ಯೋ, ದೆವ್ವ ಬಂದಿತ್ತೇನಪ್ಪ?" ಸುಬ್ಬಲಕ್ಷ್ಮಮ್ಮನ ಮುಖ ಬಿಳಿಚಿತ್ತು. "ನಮ್ ಕಾಲದಲ್ಲಿ ಊರೆಲ್ಲ ಇಂಗೇ ಬರೆದಿದ್ರು. ನಮ್ಮೋರ ದನೀಲೇ ಕರೀತದೆ ಅದು. ಓ ಅಂದ್ಯೋ, ಸತ್ತೆ!"

"ಅಮ್ಮಾರ, ಅದು ರಾತ್ರಿ ಬರೂದಲ್ಲೇನ್ರಿ?"

"ನೀನು ಮಲ್ಗೋದು ಅಗಲೊತ್ತಲ್ವಾ? ಅದಕ್ಕೂ ಗೊತ್ತಿರ್ತದೆ ನಿನ್ ಶಿಫ್ಟು. ಯಾರು ಕರೆದ್ರೂ ಓ ಅನ್ಬೇಡ. ನಾಳೆ ಬಾ ಅಂದ್ಬಿಡು, ಓಯ್ತದೆ."

ಮಧ್ಯಾಹ್ನದ ಹೊತ್ತಿಗೆ ವಠಾರದ ಬಾಗಿಲುಗಳ ಮೇಲೆಲ್ಲ 'ನಾಳೆ ಬಾ'. ಅವನ ಹೊಸಿಲಿಗೆ ಬೇವಿನ ಸೊಪ್ಪು, ನಿಂಬೆಹಣ್ಣು ಬಂದವು. ಬರೆದದ್ದು ಸರಿಯಾಗಿದೆಯೇ ಎಂದು ಕೇಳಲು ನಂದಕುಮಾರ್ ಮತ್ತೊಮ್ಮೆ ಬೆಲ್ ಮಾಡಿದ. ಆಮೇಲೆ ಭಯಕ್ಕೆ ಯಾರೂ ಅತ್ತ ಸುಳಿಯಲಿಲ್ಲ. ಎಷ್ಟೋ ತಿಂಗಳ ಮೇಲೆ ಬಸವಕಿರಣನಿಗೆ ಗಾಢವಾದ ನಿದ್ದೆ ಹತ್ತಿತು.

ನಿದ್ದೆಯ ಆಳದಲ್ಲಿ ಅದೇ ದನಿ.

"ಏನ್ರಿ... ನಾನ್ರಿ. ಬಾಗ್ಲಾ ತಗೀರಿ."

ಈ ದನಿಗೆ ಎಷ್ಟು ಸಲ ತಿರುಗಿ ಮೋಸ ಹೋಗಿರಲಿಲ್ಲ! ಇದು ತಲೆಯೊಳಗಿನದೋ, ಸುಬ್ಬಲಕ್ಷ್ಮಮ್ಮನ ದೆವ್ವವೋ, ಅಂತೂ ನಿಜವಲ್ಲ.

"ನಾಳೆ ಬಾ!" ಎಂದು ಕಿರುಚಿ ಮಗ್ಗುಲಾದ.

ಸಂಜೆ ಎದ್ದಾಗ ಲೋಕವೇ ಹಗುರವಾಗಿತ್ತು. ಯಾರ ಮೇಲೂ ಸಿಟ್ಟಿರಲಿಲ್ಲ. ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಸೀಟಿ ಹಾಕುತ್ತ ಬಾಗಿಲು ತೆರೆದ. ಬೇವಿನ ಸೊಪ್ಪಿನ ಪಕ್ಕದಲ್ಲಿ ಪ್ರತಿಭಾಳ ಸ್ಟೀಲ್ ಡಬ್ಬಿ ಇತ್ತು. ಒಳಗೆ ಅವನಿಗೆ ಇಷ್ಟವಾದ ಶೇಂಗಾ ಹೋಳಿಗೆ.

ಕಿಟಕಿಯಿಂದ ಸುಬ್ಬಲಕ್ಷ್ಮಮ್ಮ ಹೆಮ್ಮೆಯಿಂದ ಇಣುಕಿದರು. "ಬದುಕ್ಕೊಂಡೆ ಕಣಪ್ಪ! ಮದ್ಯಾನ ಥೇಟ್ ನಿನ್ ಎಂಡ್ತಿ ಥರಾನೇ ಬಂದಿತ್ತು. ಬ್ಯಾಗು ಬೇರೆ ಇಡ್ಕೊಂಡು! ನೀನು ಒಳಗಿಂದ ಚೆನ್ನಾಗ್ ಅಂದೆ ಬಿಡು. ನಾವೂ ಎಲ್ಲಾ ಕಿಟಕಿಯಿಂದ ನಾಳೆ ಬಾ, ನಾಳೆ ಬಾ ಅಂತ ಕೂಗಿದ್ವಿ. ಅಳ್ಕೊಂಡು ಓಯ್ತು ಪಾಪ."

ಬಸವಕಿರಣ ಡಬ್ಬಿ ಹಿಡಿದು ಹೊಸಿಲ ಮೇಲೆಯೇ ಕುಸಿದ. ಅಲ್ಲಿಂದಲೇ ಫೋನ್ ಮಾಡಿದ. ಬಹಳ ಹೊತ್ತಾದ ಮೇಲೆ ಅವಳು ಎತ್ತಿದಳು.

"ಪ್ರತಿಭಾ, ನಾ ನಿದ್ದಿಗಣ್ಣಾಗ—"

"ನಾಳೆ ಮಾಡ್ರಿ."

ಫೋನ್ ಕಟ್ಟಾಯಿತು. ಅವನು "ಪ್ರತಿಭಾ, ಪ್ರತಿಭಾ" ಎಂದು ಸತ್ತ ಫೋನಿಗೆ ಕೂಗುತ್ತ ಬಿಕ್ಕಿ ಬಿಕ್ಕಿ ಅತ್ತ.

ಸುಬ್ಬಲಕ್ಷ್ಮಮ್ಮ ಎದೆ ಬಡಿದುಕೊಂಡರು. "ಅಯ್ಯಯ್ಯೋ, ಇಷ್ಟೊತ್ತು ತಡ್ಕೊಂಡು ಈಗ ಓಗೊಟ್ಬಿಟ್ಯಲ್ಲಪ್ಪ!"