ಕಾರ್ಯದರ್ಶಿಗಳು ಮಲಗಿದ್ದಾರೆ

ಊಟವಾದ ಮೇಲಿನ ಜೊಂಪಿನಲ್ಲಿ ಹೊಳೆದದ್ದನ್ನು ಪಾಸ್‌ವರ್ಡ್ ಮಾಡಬಾರದು. ಕಾರ್ಯದರ್ಶಿ ಮಾಡಿದ. ಕನ್ನಡಕದಂಗಡಿಯಲ್ಲಿ ದಿನವಿಡೀ ಲೆನ್ಸ್ ಉಜ್ಜುವ ಅವನಿಗೆ ಲೋಕ ಯಾವಾಗಲೂ ತುಸು ಮಸುಕಾಗಿಯೇ ಕಾಣುತ್ತಿತ್ತು. ಆ ಮಸುಕಿನಲ್ಲಿ ಒಂದು ಮಧ್ಯಾಹ್ನ ಒಂದು ಪದ ತೇಲಿ ಬಂತು. ಅರೆಗಣ್ಣಿನಲ್ಲೇ ಅದನ್ನು ಸಂಘದ ಕಂಪ್ಯೂಟರಿಗೆ ಒತ್ತಿ ಮತ್ತೆ ಮಲಗಿದ. ಎದ್ದಾಗ ಪದ ಹೋಗಿತ್ತು. ಕಂಪ್ಯೂಟರ್ ಸದಾ ತೆರೆದೇ ಇರುತ್ತಿದ್ದುದರಿಂದ ಅದು ಯಾರಿಗೂ ಬೇಕಾಗಲಿಲ್ಲ. ಇಂದು ಬೆಳಿಗ್ಗೆ ಕರೆಂಟ್ ಹೋಗಿ ಬಂತು. ಪರದೆಯ ಮೇಲೆ ಖಾಲಿ ಚೌಕವೊಂದು, 'ಪದ ಹೇಳಪ್ಪಾ' ಎಂಬಂತೆ ಕಣ್ಣು ಮಿಟುಕಿಸುತ್ತ ಕುಳಿತಿತ್ತು.

ಸಂಘವೆಂದರೆ ಸದ್ಯಕ್ಕೆ ನಾಲ್ವರು: ಬೀಗ ರಿಪೇರಿ ಮಾಡುವ ಬೀಗದಕ್ಕ, ಭೌತಶಾಸ್ತ್ರ ಹೇಳಿ ನಿವೃತ್ತರಾದ ಮೇಷ್ಟ್ರು, ಕಾರ್ಯದರ್ಶಿ, ಮತ್ತು ಕೇಬಲ್ ಎಳೆಯುವ ಅವನ ಭಾವಮೈದುನ. ಅಂಗಡಿ, ಶಾಲೆ, ಆಸ್ಪತ್ರೆಗಳ ಕಂಪ್ಯೂಟರುಗಳಲ್ಲಿ ಕಳ್ಳ ನುಗ್ಗಬಹುದಾದ ಕಿಂಡಿಗಳನ್ನು, ಒಡೆಯರ ಅಪ್ಪಣೆ ಪಡೆದು, ಕಳ್ಳನಿಗಿಂತ ಮೊದಲು ಹುಡುಕಿ ತಿಳಿಸುವ ನೈತಿಕ ಹ್ಯಾಕರ್‌ಗಳು. ಜನ 'ಕದಿಯದ ಕಳ್ಳರು' ಎನ್ನುತ್ತಿದ್ದರು. ಕಿಂಡಿ ಹುಡುಕುವುದು ಸುಲಭವಾಗಿತ್ತು. ನಿಯಮಾವಳಿ ಬರೆಯುವುದಕ್ಕೆ ಏಳು ತಿಂಗಳು ಹಿಡಿಯಿತು. ಅಧ್ಯಕ್ಷರು ಬೇಡವೆಂದು ತೀರ್ಮಾನಿಸಲು ಎರಡು ತಿಂಗಳು, ಅದನ್ನು ಯಾರು ಘೋಷಿಸಬೇಕೆಂಬ ಜಗಳಕ್ಕೆ ಇನ್ನೊಂದು.

ನಾಲ್ಕನೇ ನಿಯಮ ಮಾತ್ರ ಕಾರ್ಯದರ್ಶಿಯ ಸ್ವಂತ ಕೂಸು. ಬೀಗದಕ್ಕ ಒಮ್ಮೆ ಬೇಕರಿಯ ಕಿಂಡಿಯನ್ನು ನಡುಬೀದಿಯಲ್ಲಿ ಕೂಗಿ ಹೇಳಿದ್ದಳು. ಅದಕ್ಕೇ ಈ ನಿಯಮ: ಯಾರ ಕಿಂಡಿ ಕಂಡರೂ ಬಾಯಲ್ಲಿ ಆಡಬಾರದು, ಚೀಟಿಯಲ್ಲಿ ಬರೆಯಬಾರದು. ಕಾರ್ಯದರ್ಶಿಯ ಗುಪ್ತ ಇ-ಅಂಚೆಪೆಟ್ಟಿಗೆಗೆ ಕಳಿಸಬೇಕು. ಅವನು ಒಡೆಯರಿಗೆ ಮುಟ್ಟಿಸಬೇಕು. ತೊಂಬತ್ತು ದಿನ ಎಲ್ಲರೂ ಮೌನ.

ಗ್ರಂಥಾಲಯದ ಮಹಡಿಯ ಕೋಣೆ ಸಂಘಕ್ಕೆ ಸಿಗಬೇಕಾದರೆ ನಿಯಮಾವಳಿ ಇಂದು ಸಂಜೆ ಐದರೊಳಗೆ ಗ್ರಂಥಪಾಲಕಿಯ ಮೇಜು ಸೇರಬೇಕಿತ್ತು. ಇಲ್ಲದಿದ್ದರೆ ಕೋಣೆ ನಗೆಕೂಟಕ್ಕೆ. ನಿಯಮಾವಳಿಯ ಒಂದೇ ಒಂದು ಪ್ರತಿ ಇದ್ದದ್ದು ಆ ಕಂಪ್ಯೂಟರಿನೊಳಗೆ.

"ಜ್ಞಾಪಿಸಿಕೊಳ್ಳಿ ಭಾವ," ಎಂದ ಭಾವಮೈದುನ. "ನಮ್ಮಕ್ಕನ ಹೆಸರಾ?"

"ಅಲ್ಲ, ಹಾಕಿ ನೋಡ್ದೆ."

"ಅಲ್ಲ ಅಂತ ಅವಳಿಗೆ ಹೇಳ್ಲಾ?"

"ಸುಮ್ನಿರೋ, ಮಾರಾಯ! ನೆನಪಿನಿಂದಲೇ ಮತ್ತೆ ಬರೆದುಬಿಡೋಣ."

"ಬರೀರಿ," ಎಂದರು ಮೇಷ್ಟ್ರು. "ಒಂಬತ್ತನೇ ನಿಯಮದಲ್ಲಿ 'ಮತ್ತು' ಇತ್ತು."

"'ಅಥವಾ' ಇತ್ತು," ಎಂದಳು ಬೀಗದಕ್ಕ.

ಆ ದಾರಿ ಅಲ್ಲಿಗೇ ಮುಚ್ಚಿತು. ತಾವೇ ಕಂಪ್ಯೂಟರಿನ ಬೀಗ ಒಡೆಯಲು ಸಂಘದ ಠರಾವು ಬೇಕಿತ್ತು. ಠರಾವಿನ ಪುಸ್ತಕ ಕಂಪ್ಯೂಟರಿನೊಳಗಿತ್ತು.

ಮೇಷ್ಟ್ರು ಗಡ್ಡ ತುರಿಸಿಕೊಂಡರು. "ಪದ ಹುಟ್ಟಿದ ಸ್ಥಿತಿ ಯಾವುದೋ ಅದೇ ಸ್ಥಿತಿಗೆ ವಾಪಸ್ ಹೋಗ್ಬೇಕು. ಪ್ರಯೋಗ ಅಂದ್ರೆ ಅದೇ. ನೀವು ಮಲಗಿ."

ಗ್ರಂಥಾಲಯದ ಓದುವ ಕೋಣೆಯ ಉದ್ದ ಬೆಂಚಿನ ಮೇಲೆ ಅವನನ್ನು ಮಲಗಿಸಿದರು. ಮೂರರ ಬಿಸಿಲು ಕಿಟಕಿಯಿಂದ ಇಳಿದು ನೆಲದ ಮೇಲೆ ಸೋಮಾರಿ ಬೆಕ್ಕಿನಂತೆ ಹರಡಿಕೊಂಡಿತ್ತು. ಅದರೊಳಗೆ ಧೂಳಿನ ಕಣಗಳು ಯಾವ ಅವಸರವೂ ಇಲ್ಲದೆ ಏರಿ ಇಳಿಯುತ್ತಿದ್ದವು.

"ಇಲ್ಲಿ ಮಲಗೋ ಹಾಗಿಲ್ಲ," ಎಂದಳು ಗ್ರಂಥಪಾಲಕಿ.

"ಇದು ಪ್ರಯೋಗಮ್ಮಾ."

"ಹಾಗಾದ್ರೆ ಗೊರಕೆ ಹೊಡೆಯೋ ಹಾಗಿಲ್ಲ."

"ಎಡಮಗ್ಗುಲಿಗೆ ತಿರುಗಿಸಿ," ಎಂದು ಪತ್ರಿಕೆ ಓದುತ್ತಿದ್ದ ಮುದುಕ ಸಲಹೆ ಕೊಟ್ಟ. ಬೀಗದಕ್ಕ ಜೋಗುಳ ಹಾಡಿದಳು. ತುಕ್ಕು ಹಿಡಿದ ಚಿಲಕಕ್ಕೆ ಅರ ಹಾಕಿದಂತಿದ್ದ ಆ ದನಿಗೆ, ಬರುತ್ತಿದ್ದ ನಿದ್ದೆಯೂ ಬಾಗಿಲಿಂದಲೇ ಹಿಂದಿರುಗಿತು. ಭಾವಮೈದುನ ಕಾಲೊತ್ತಿದ, ಕಾರ್ಯದರ್ಶಿಗೆ ಕಚಗುಳಿಯಾಯಿತು. ನಾಲ್ಕು ಹೊಡೆಯಿತು. ಕೊನೆಗೆ ಮೇಷ್ಟ್ರು ಶಾಖದ ಎರಡನೇ ನಿಯಮವನ್ನು ವಿವರಿಸತೊಡಗಿದರು. ಮೊದಲು ಮುದುಕನ ತಲೆ ಪತ್ರಿಕೆಗೆ ಒರಗಿತು. ಹಿಂದೆಯೇ ಕಾರ್ಯದರ್ಶಿ ಮೆಲ್ಲಗೆ ಮುಳುಗಿದ.

ನೀರಿನಂತಹ ದೊಡ್ಡದೊಂದು ಲೆನ್ಸ್. ಅದರೊಳಗೆ ಅಕ್ಷರಗಳು ಮೀನುಗಳಂತೆ ಈಜುತ್ತಿದ್ದವು. ದೂರದಿಂದ ಆ ಪದ ಬೆಳ್ಳಗೆ, ತಣ್ಣಗೆ, ದೋಣಿಯ ಹಾಗೆ ತೇಲುತ್ತ ಬಂತು. ಎಷ್ಟು ದಿನವಾಯಿತು ನಿನ್ನ ನೋಡಿ ಎನ್ನಿಸಿ, ದಡದಲ್ಲಿ ನಿಂತು ಅದರ ಹೆಸರು ಹಿಡಿದು ಕೂಗಿದ. ಮತ್ತೆ ಮತ್ತೆ ಕೂಗಿದ.

ಕಣ್ಣು ಬಿಟ್ಟಾಗ ದೋಣಿಯೂ ಇಲ್ಲ, ಪದವೂ ಇಲ್ಲ. ಗಂಟೆ ಐದಕ್ಕೆ ಹತ್ತು ನಿಮಿಷ. ಮೂವರೂ ತಲೆ ತಗ್ಗಿಸಿ ಮೊಬೈಲಿನಲ್ಲಿ ಏನೋ ಒತ್ತುತ್ತಿದ್ದರು.

"ಏನಾದ್ರೂ ಕನವರಿಸಿದ್ನಾ?"

ಭಾವಮೈದುನ ಮೇಲೆ ನೋಡಿದ. "ಫ್ಯಾನ್ ಚೆನ್ನಾಗಿ ತಿರುಗ್ತಿದೆ ಅಲ್ವಾ ಭಾವ?"

"ಲೋ!"

"ಮೂರು ಸಲ ಹೇಳಿದ್ರಿ. ಸ್ಪಷ್ಟವಾಗಿ," ಎಂದರು ಮೇಷ್ಟ್ರು.

"ಏನಂತ?"

ಬೀಗದಕ್ಕ ತುಟಿಗೆ ಬೆರಳಿಟ್ಟುಕೊಂಡಳು. "ನಾಲ್ಕನೇ ನಿಯಮ ಕಣಪ್ಪಾ. ಪಾಸ್‌ವರ್ಡ್ ಕನವರಿಸೋದಕ್ಕಿಂತ ದೊಡ್ಡ ಕಿಂಡಿ ಉಂಟಾ? ವರದಿ ಕಳಿಸಿದ್ದೀವಿ."

"ಯಾರಿಗೆ?"

"ನಿನಗೇ. ಗುಪ್ತ ಅಂಚೆಪೆಟ್ಟಿಗೆಗೆ."

ಪೆಟ್ಟಿಗೆ ಇದ್ದದ್ದು ಅದೇ ಖಾಲಿ ಚೌಕದ ಹಿಂದೆ.

"ನಾನೇ ಅಲ್ವೇನ್ರೀ ಒಡೆಯ! ನನ್ನ ಪದ ನನಗೆ ಹೇಳೋಕೇನು?"

"ಒಡೆಯರಿಗೆ ಕಾರ್ಯದರ್ಶಿ ಮೂಲಕ," ಎಂದರು ಮೇಷ್ಟ್ರು. "ನಾವೇ ನಿಯಮ ಮುರಿದ್ರೆ ಕಳ್ಳರಿಗೂ ನಮಗೂ ಏನು ವ್ಯತ್ಯಾಸ?"

ಮುದುಕ ಇನ್ನೂ ನಿದ್ದೆಯಲ್ಲಿದ್ದ; ಸಂಘದವರನ್ನು ಬಿಟ್ಟರೆ ಆ ಪದ ಕೇಳಿಸಿಕೊಂಡವಳು ಒಬ್ಬಳೇ. ಕಾರ್ಯದರ್ಶಿ ಚಪ್ಪಲಿ ಬಿಟ್ಟು ಗ್ರಂಥಪಾಲಕಿಯ ಮೇಜಿಗೆ ಓಡಿದ. ಅವಳು ಕಣ್ಣೊರೆಸಿಕೊಳ್ಳುತ್ತಿದ್ದಳು.

"ಹದಿನೈದು ವರ್ಷದಿಂದ ಇಲ್ಲಿ 'ಮೌನ' ಅಂತ ಬೋರ್ಡ್ ಹಾಕ್ಕೊಂಡು ಕೂತಿದ್ದೀನಿ ಸಾರ್. ಒಬ್ಬರಾದ್ರೂ ಪಾಲಿಸ್ಲಿಲ್ಲ. ನಿಮ್ಮವರನ್ನ ನೋಡಿ ಹೃದಯ ತುಂಬಿ ಬಂತು. ಈಗಷ್ಟೇ ನಿಮ್ಮ ಸಂಘದ ಸದಸ್ಯೆಯಾದೆ."

ಅವನು ಮೇಜಿನ ಅಂಚು ಹಿಡಿದುಕೊಂಡ. "ಹಾಗಿದ್ರೆ... ಕೋಣೆಯಾದ್ರೂ ನಮಗೇ ತಾನೇ?"

"ಛೆ ಛೆ! ಸದಸ್ಯೆಯಾಗಿ ನಮಗೇ ನಾವು ಕೊಟ್ಕೊಂಡ್ರೆ ನೈತಿಕ ಅನ್ನೋಕಾಗುತ್ತಾ? ನಗೆಕೂಟಕ್ಕೆ ಬರೆದುಬಿಟ್ಟೆ."

ಐದು ಹೊಡೆಯಿತು. ಮಹಡಿಯ ಮೇಲೆ ಇಪ್ಪತ್ತು ಜನ ಒಟ್ಟಿಗೆ ಹೋ ಎಂದು ನಕ್ಕರು.

ಸಂಘದ ಸಭೆ ಗ್ರಂಥಾಲಯದ ಮೆಟ್ಟಿಲ ಮೇಲೆ ಸೇರಿತು. ನಾಲ್ಕನೇ ನಿಯಮ ಒಂದು ಹನಿಯೂ ಸೋರದೆ ಕೆಲಸ ಮಾಡಿದ್ದಕ್ಕೆ ಕಾರ್ಯದರ್ಶಿಗೆ ಅಭಿನಂದನೆ ಸಲ್ಲಿಸಲಾಯಿತು. ಅವನು ಸಂಜೆಯ ಹಳದಿ ಬೆಳಕನ್ನೇ ನೋಡುತ್ತ, "ಮನೆಗೆ ಹೋಗಿ ಮಲಗ್ತೀನಿ," ಎಂದ. "ನಿನ್ನಕ್ಕ ಕೇಳಿಸ್ಕೊಂಡು ಹೇಳ್ತಾಳೆ."

"ಅಕ್ಕನೂ ಇವತ್ತು ಬೆಳಿಗ್ಗೆ ಸದಸ್ಯತ್ವಕ್ಕೆ ಅರ್ಜಿ ಹಾಕಿದ್ಲು ಭಾವ. ನಾವು ಮೂವರೂ ಒಪ್ಪಿದ್ದಾಯ್ತು."

"ತೊಂಬತ್ತು ದಿನ ಕಳೆದ ಮೇಲಾದ್ರೂ ಹೇಳ್ತೀರಾ?"

"ಹೇಳೋದೇನು," ಎಂದರು ಮೇಷ್ಟ್ರು, "ಅಷ್ಟರೊಳಗೆ ಒಡೆಯ ಪದ ಬದಲಾಯಿಸದಿದ್ರೆ, ಎಲ್ಲರಿಗೂ ಕಾಣೋ ಹಾಗೆ ಈ ಗ್ರಂಥಾಲಯದ ಹಲಗೆ ಮೇಲೇ ಅಂಟಿಸ್ತೀವಿ. ನಿಯಮದ ಕೊನೇ ಸಾಲು. ನೀವೇ ಬರೆದದ್ದು."

"ಒಳಗೆ ಹೋಗದೆ ಹೇಗ್ರೀ ಬದಲಾಯಿಸ್ಲಿ?"

"ಅದು ಒಡೆಯರ ಜವಾಬ್ದಾರಿ."

ಕಾರ್ಯದರ್ಶಿ ಬೆರಳು ಮಡಿಚಿ ದಿನ ಎಣಿಸಿದ. ಪದ ಹಲಗೆಯೇರುವ ಆ ಬೆಳಿಗ್ಗೆ ಊರಿಗೆ ಊರೇ ಓದಿಕೊಂಡು ಹೋದ ಮೇಲೆ, ಜಾಗ ಸಿಕ್ಕರೆ, ಅವನೂ ಒಮ್ಮೆ ಇಣುಕಿ ಓದಬಹುದು.