ನಾನು ಹತ್ತಿದ ಬಂಡೆ

ಓದಿದವರಿಗೆ ಒಂದು ಕಾಯಿಲೆ ಇರುತ್ತದೆ: ಯಾರು ಏನು ಹೇಳಿದರೂ ನಂಬದಿರುವುದು. ನನಗೆ ಅದು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ ಅಂಟಿಕೊಂಡಿತು, ರಾಯದುರ್ಗದ ಕಾಲೇಜಿನಲ್ಲಿ ಪಾಠ ಹೇಳುತ್ತ ಹೇಳುತ್ತ ಬಲಿಯಿತು. ಇಂಥ ಕೋಟೆಯನ್ನು ಇಂಥವರು ಕಟ್ಟಿಸಿದರು ಎಂದು ಹುಡುಗರು ಹೇಳಿದರೆ ‘ಆಧಾರ ಏನು?’ ಎನ್ನುತ್ತೇನೆ. ಹಸು ಹಾಲು ಕಡಿಮೆ ಮಾಡಿದೆ ಎಂದು ಹಾಲಿನವನು ಹೇಳಿದರೂ ಅದನ್ನೇ ಕೇಳುತ್ತೇನೆ. ಇಷ್ಟೆಲ್ಲ ಅನುಮಾನಿಸಿದ ನಾನು ನನ್ನ ನೆನಪನ್ನು ಮಾತ್ರ ಎಂದೂ ಅನುಮಾನಿಸಿರಲಿಲ್ಲ. ಈಚೆಗೆ ಅದಕ್ಕೂ ಕಾಲ ಬಂತು. ಬಂದದ್ದು ಮಡಕಶಿರದಲ್ಲಿ, ಉಣ್ಣುವ ತಟ್ಟೆಯ ಮುಂದೆ, ಭಾವಮೈದುನನ ಎದುರಿಗೆ.

ನಾನೂ ನನ್ನ ಹೆಂಡತಿ ಪದ್ಮಳೂ ತಿರುಗಾಟದವರು. ಅವಳ ತವರು ಮಡಕಶಿರಕ್ಕೆ ಹೋದರೆ ಅಲ್ಲಿಂದ ಗುಡಿಬಂಡೆ, ಅಗಳಿ ಎಂದು ಸಿಕ್ಕ ಆಟೋ ಹತ್ತುತ್ತೇವೆ. ದೊಡ್ಡ ರಜೆಗೆ ಮೈಸೂರು, ಮದುರೆ. ಒಮ್ಮೆ ಧೈರ್ಯ ಮಾಡಿ ಶ್ರೀಲಂಕಾ. ಆದರೆ ನಮ್ಮಿಬ್ಬರ ನೋಡುವ ರೀತಿಯೇ ಬೇರೆ. ನಾನು ಒಂದು ಕಡೆ ನಿಲ್ಲುವವನಲ್ಲ. ಒಂದು ಕಂಬದ ಮುಂದೆ ನಿಂತಾಗಲೇ ಮುಂದಿನ ಕಂಬದ ಮೇಲೆ ಕಣ್ಣು. ಪದ್ಮ ಮೊದಲು ನೆರಳು ಹುಡುಕುತ್ತಾಳೆ, ಕೂರುತ್ತಾಳೆ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾಳೆ, ನೋಡುವುದೆಲ್ಲ ಆಮೇಲೆ. ಒಮ್ಮೆ ಮಡಕಶಿರದ ಬಳಿಯ ಹೇಮಾವತಿ ಎಂಬ ಊರಿನಲ್ಲಿ ನಾನು ಗುಡಿಯನ್ನೆಲ್ಲ ಎರಡು ಸುತ್ತು ಹಾಕಿ ಬಂದರೂ ಅವಳು ಕಲ್ಲಿನ ನಂದಿಯ ಮುಂದೆಯೇ ಕೂತಿದ್ದಳು.

“ಏನ್ ನೋಡಾಕತ್ತಿದಿ ಇಷ್ಟೊತ್ತು?” ಎಂದೆ.

“ಇದ್ರ ಕೊಳ್ಳಾಗಿನ ಗಂಟೆ ನೋಡ್ರೀ, ಒಂದಿದ್ದಂಗೆ ಒಂದಿಲ್ಲ” ಎಂದಳು.

ಎರಡು ಸುತ್ತಿನಲ್ಲಿ ನನಗೆ ನಂದಿಯೇ ಸರಿಯಾಗಿ ಕಂಡಿರಲಿಲ್ಲ.

ನಮ್ಮಲ್ಲಿ ಇನ್ನೊಂದು ರೂಢಿಯಿದೆ. ಎಲ್ಲಿಗೆ ಹೋಗಿ ಬಂದರೂ ಸಂಜೆ ಕಾಲು ತೊಳೆದು ಚಹಾ ಹಿಡಿದು ಕೂತ ಮೇಲೆ ಪದ್ಮ ಆ ದಿನವನ್ನು ಬೆಳಗಿನಿಂದ ಮತ್ತೆ ಹೇಳುತ್ತಾಳೆ. ಜೊತೆಗೇ ಇದ್ದ ನನಗೇ ಹೇಳುತ್ತಾಳೆ! ನಾನು ಬಾಯಿಬಿಟ್ಟುಕೊಂಡು ಕೇಳುತ್ತೇನೆ. ನಾನು ಎಲ್ಲಿಗೆ ಹೋಗಿದ್ದೆ ಎಂಬುದು ನನಗೆ ತಿಳಿಯುವುದೇ ಆಗ.

ಶ್ರೀಲಂಕಾದಿಂದ ಬಂದ ಕೆಲವು ತಿಂಗಳ ಮೇಲೆ ಭಾವಮೈದುನ ರಂಗನಾಥನ ಮನೆಯಲ್ಲಿ ಮುದ್ದೆ, ಅವರೆಕಾಳು ಸಾರಿನ ಊಟ. ನಾನು ಸಿಗಿರಿಯಾ ಬಂಡೆಕೋಟೆಯನ್ನು ಹತ್ತಿದ ಕಥೆ ತೆಗೆದೆ. ದಾರಿಯಲ್ಲಿ ಬಂಡೆಯಿಂದ ಹೊರಚಾಚಿದ ಸಿಂಹದ ಎರಡು ಭಾರಿ ಪಂಜಗಳು, ಅವುಗಳ ನಡುವೆ ಏರುವ ಮೆಟ್ಟಿಲು, ಕಣಜದ ಗೂಡುಗಳಿವೆ ಸದ್ದು ಮಾಡಬೇಡಿ ಎನ್ನುವ ಫಲಕ, ನಾನಾ ದೇಶದವರು ಬಾಯಿ ಮುಚ್ಚಿಕೊಂಡು ಹತ್ತುವ ಆ ಮೌನ ಮೆರವಣಿಗೆ. ತುದಿಯಲ್ಲಿ ಬೀಸಿದ ಗಾಳಿಗೆ ಪದ್ಮಳ ಸೆರಗು ಹಾರಿ ಜರ್ಮನಿಯ ಮುದುಕಿಯೊಬ್ಬಳ ಮುಖಕ್ಕೆ ಸುತ್ತಿಕೊಂಡದ್ದು, ಆಕೆ ಸೀರೆಯೊಳಗಿನಿಂದಲೇ ಗಹಗಹಿಸಿ ನಕ್ಕದ್ದು. ಹೇಳುತ್ತ ಹೇಳುತ್ತ ನನಗೇ ಏದುಸಿರು ಬಂತು.

ರಂಗನಾಥ ಬಟ್ಟೆ ಹೊಲಿಯುವವನು, ಒಳ್ಳೆಯವನು. ಆದರೆ ಅವನಿಗೆ ನನ್ನ ಮೇಲೆ ಹಳೆಯ ಸಿಟ್ಟೊಂದಿತ್ತು. ಚಿಕ್ಕಂದಿನಲ್ಲಿ ಊರ ಬೆಟ್ಟದ ಮೇಲೆ ಚಿರತೆ ನೋಡಿದ್ದೆ ಎಂದು ಅವನು ಹೇಳಿದಾಗಲೆಲ್ಲ ನಾನು ಆಧಾರ ಕೇಳಿ, ಅವನ ಹೆಂಡತಿ ಮಕ್ಕಳ ಮುಂದೆ ಅವನನ್ನು ನಗೆಗೀಡು ಮಾಡುತ್ತಿದ್ದೆ. ಅವನು ಕಾಯುತ್ತಿದ್ದ.

“ಭಾವ, ಅಕ್ಕನ ಫೋನ್‌ನಾಗೆ ಫೋಟೋ ನೋಡ್ದೆ. ಮ್ಯಾಲೆ ತಗ್ದಿರೋದ್ರಾಗೆ ನೀವು ಒಂದ್ರಾಗೂ ಇಲ್ವಲ್ಲ?”

“ತೆಗೆದವನು ನಾನಪ್ಪಾ. ನಾನೆಂಗ ಬರ್ತೀನಿ?”

“ಅಕ್ಕನ ಕೈನೇ ಫೋನ್ ಹಿಡ್ಕಂಡು ಚಾಚೈತೆ ಭಾವ. ಸೆಲ್ಫಿ ಅಂತಾರೆ ಇದನ್ನ.”

ಆ ಮನೆಯಲ್ಲಿ ಇಷ್ಟು ವರ್ಷ ನನ್ನ ಮಾತಿಗಿದ್ದ ಬೆಲೆಯೆಲ್ಲ ಆ ಚಾಚಿದ ಕೈಯ ಮೇಲೆ ತೂಗುತ್ತಿತ್ತು. ನಾನು ಸುಳ್ಳನಾದರೆ ಚಿರತೆ ನಿಜವಾಗುತ್ತದೆ. ಅಷ್ಟರಲ್ಲಿ ಸಾರಿನ ಪಾತ್ರೆ ಹಿಡಿದು ಬಂದ ಪದ್ಮ, “ಸುಮ್ಕೆ ಉಣ್ಣೋ ರಂಗ. ನಿಮ್ ಭಾವ ಇಲ್ದಿದ್ರೆ ನಾನು ಅದನ್ನ ಹತ್ತೇ ಇರ್ಲಿಲ್ಲ” ಎಂದಳು. ಅಕ್ಕನ ಮಾತಿಗೆ ರಂಗನಾಥ ಎದುರಾಡುವವನಲ್ಲ. ತಲೆ ತಗ್ಗಿಸಿ ಉಂಡ.

ಊರಿಗೆ ಮರಳುವ ಬಸ್ಸಿನಲ್ಲಿ ಮೆಲ್ಲಗೆ ಕೇಳಿದೆ: “ಯಾಕ, ನಾನು ಹತ್ತಲಿಲ್ಲೇನು?”

“ಎಲ್ಲಿ ಹತ್ತಿದ್ರಿ? ಮಂಡಿ ನೋವು ಅಂತ ಕೆಳಗೇ ಕುಂತ್ರಿ.”

“ಮತ್ತ ರಂಗನ ಮುಂದ ಸುಳ್ಳು ಹೇಳಿದ್ಯಾ?”

“ಸುಳ್ಳೇನೈತೆ? ನೀವು ಬ್ಯಾಗು ಕಾಯ್ಕಂಡು ಕುಂತಿದ್ದಕ್ಕೇ ನಾನು ಹತ್ತಿದ್ದು.”

ನನ್ನ ಫೋನು ತೆಗೆದು ನೋಡಿದೆ. ಆ ದಿನದ ಚಿತ್ರಗಳಲ್ಲಿ ಒಂದು ನಾಯಿ, ಅದೇ ನಾಯಿ ಮಲಗಿರುವುದು, ನಮ್ಮ ಬ್ಯಾಗು, ಬ್ಯಾಗಿನ ಪಕ್ಕ ಎಳನೀರು, ಮತ್ತೆ ಅದೇ ನಾಯಿ. ಆಧಾರ ಬೇಕಾದಷ್ಟಿತ್ತು! ಆ ಸಂಜೆ ಪದ್ಮ ಹೋಟೆಲಿನ ಜಗಲಿಯಲ್ಲಿ ಕೂತು ಎಂದಿನಂತೆ ದಿನವನ್ನು ಹೇಳಿದ್ದಳು. ಎಷ್ಟು ಚೆನ್ನಾಗಿ ಹೇಳಿದ್ದಳೆಂದರೆ, ಮಂಡಿಯೊಂದನ್ನು ಕೆಳಗೆ ಬಿಟ್ಟು ಉಳಿದ ನಾನೆಲ್ಲ ಬಂಡೆ ಹತ್ತಿಬಿಟ್ಟಿದ್ದೆ. ನಾಚಿಕೆಗಿಂತ ಹೆಚ್ಚಾಗಿ ನನಗೆ ಅವಳ ಮೇಲೆ ಬೆರಗು ಹುಟ್ಟಿತು. ನಾನು ಇಷ್ಟು ವರ್ಷ ಪಾಠ ಹೇಳಿದರೂ ಒಬ್ಬ ಹುಡುಗನನ್ನೂ ಹೀಗೆ ಕೋಟೆಯೊಳಕ್ಕೆ ಕರೆದೊಯ್ದದ್ದಿಲ್ಲ.

ಜೊತೆಗೆ ಗಾಬರಿಯೂ ಆಯಿತು. “ಮದುರೆಯ ಗುಡಿಯೊಳಗ ಹೋಗಿದ್ದು ಯಾರು?”

“ಅದು ನೀವೇ. ನಾನು ಹೊರಗೆ ಚಪ್ಲಿ ಕಾಯ್ತಿದ್ದೆ.”

“ನನಗೊಂದೂ ನೆನಪಿಲ್ಲಲ್ಲ?”

“ಹೇಳೋರು ಯಾರಿದ್ರು?” ಎಂದು ಅವಳು ಕಿಟಕಿಯಾಚೆ ನೋಡತೊಡಗಿದಳು.

ಮುಂದಿನ ಸಲ ಮಡಕಶಿರಕ್ಕೆ ಹೋದಾಗ ಗಟ್ಟಿ ಮನಸ್ಸು ಮಾಡಿ ರಂಗನಾಥನಿಗೆ ಇದ್ದದ್ದನ್ನು ಹೇಳಿದೆ. ಹತ್ತಿದ್ದು ನಿಮ್ಮಕ್ಕ, ನಾನಲ್ಲ. ಅವಳು ಮೌನವಾಗಿ ಮೆಟ್ಟಿಲೇರಿದಳು, ಅವಳ ಸೆರಗು ಹಾರಿತು, ಮುದುಕಿ ನಕ್ಕಳು. ಅವನು ಪೂರ್ತಿ ಕೇಳಿಸಿಕೊಂಡು, ಆಗದು ಎಂಬಂತೆ ಕೈ ಅಲ್ಲಾಡಿಸಿದ.

“ಇದನ್ನ ಮಾತ್ರ ನಂಬಕ್ಕಾಗಲ್ಲ ಭಾವ. ನೀವು ಮ್ಯಾಲಿರ್ಲೇ ಇಲ್ಲ ಅಂದ್ರೆ ಆ ಅಜ್ಜಿ ನಕ್ಕಿದ್ದು ನಿಮಗೆಂಗ್ ಗೊತ್ತು? ಸುಮ್ಕೆ ಅಕ್ಕನ್ನ ದೊಡ್ಡೋಳ್ ಮಾಡಾಕೆ ಹೇಳ್ತಿದೀರಿ.”

ನಾನು ಸಾಕ್ಷಿಗಾಗಿ ಪದ್ಮಳತ್ತ ನೋಡಿದೆ.

“ನನ್ನೇನ್ ನೋಡ್ತೀರಿ?” ಎಂದಳು. “ನೀವ್ ಹೇಳಿ ಹೇಳಿ, ಆ ಅಜ್ಜಿ ಮಕದಿಂದ ಸೆರಗು ಬಿಡ್ಸಿದ್ದು ನೀವೇ ಅಂತ ನಂಗೂ ಜ್ಞಾಪಕ ಬರ್ತೈತೆ ಈಗ.”

ತರಗತಿಯಲ್ಲಾಗಿದ್ದರೆ ನಾನು ಇಂಥ ಸಾಕ್ಷಿಯನ್ನು ಒಂದು ಗಳಿಗೆಯೂ ಒಪ್ಪುತ್ತಿರಲಿಲ್ಲ. ಆದರೆ ಅಲ್ಲಿ, ಎಡಗೈಯಿಂದ ಮಂಡಿ ಸವರಿಕೊಳ್ಳುತ್ತ, ಬಿಡಿಸಹೋದಾಗ ಆ ಸೆರಗು ಎಷ್ಟು ಬಿಗಿಯಾಗಿ ಸುತ್ತಿಕೊಂಡಿತ್ತೆಂದು ರಂಗನಾಥನಿಗೆ ವಿವರಿಸತೊಡಗಿದೆ.